ಸಸ್ಯಪ್ರಿಯರ ಸಂವಾದವೂ ಋಷಿಋಣವೂ

ಮನುಷ್ಯನಾಡಿದ ಮಾತುಗಳಲ್ಲಿ ಯಾವುದು ಉಳಿಯತಕ್ಕದ್ದು, ಯಾವುದು ಅಳಿದರೂ ನಷ್ಟವಿಲ್ಲ ಎಂಬುದನ್ನು ನಮ್ಮ ಪೂರ್ವಿಕರು ಶ್ರುತಿಯ ವಿಷಯದಲ್ಲಿ ವಿಚಾರಿಸಿದರು, ಕಾವ್ಯಶಾಸ್ತ್ರಗಳ ವಿಷಯದಲ್ಲಿ ವಿಚಾರಿಸಿದರು, ದಾನಧರ್ಮಗಳ ವಿಷಯದಲ್ಲಿಯೂ ವಿಚಾರಿಸಿ ಕಲ್ಲಿನ ಮೇಲೆ ಕೊರೆಯಿಸಿದರು. ಆದರೆ ಹಿತ್ತಿಲಿನಲ್ಲಿ ಒಂದು ಸಸಿಯನ್ನು ನೆಟ್ಟು, ಅದು ಏಕೆ ಚಿಗುರಲಿಲ್ಲವೆಂದು ಕಾಣದ ಊರಿನ ಅಪರಿಚಿತನೊಬ್ಬನನ್ನು ಕೇಳಿದ ಸಾಮಾನ್ಯನ ಮಾತಿನ ವಿಷಯದಲ್ಲಿ ಆ ವಿಚಾರವನ್ನು ಮಾಡುವ ಅವಶ್ಯಕತೆ ಅವರಿಗೆ ಬಂದಿರಲಿಲ್ಲ. ನಮಗೆ ಅದು ಬಂದೊದಗಿದೆ. ಕಳೆದ ಮೂರು ದಶಕಗಳಲ್ಲಿ ಸಸ್ಯಪ್ರಿಯರಾದವರು ದೇಶಭಾಷೆಗಳ ಗಡಿಯನ್ನು ದಾಟಿ ಅಂತರ್ಜಾಲದಲ್ಲಿ ಒಬ್ಬರೊಡನೊಬ್ಬರು ಆಡಿರುವ ಮಾತು ಅಪಾರವಾದದ್ದು. ಪಾರಿಜಾತದ ಮೊಗ್ಗು ಅರಳುವ ಮುನ್ನವೇ ಏಕೆ ಉದುರುತ್ತದೆ, ಗೂಟಿ ಕಟ್ಟುವುದಕ್ಕೆ ಯಾವ ಮಾಸ ಪ್ರಶಸ್ತವಾದದ್ದು, ರಸ್ತೆಯ ಅಂಚಿನಲ್ಲಿ ನೀಳವಾಗಿ ಬೆಳೆದಿರುವ ಈ ಮರ ಪುರಾಣಪ್ರಸಿದ್ಧವಾದ ಅಶೋಕವೇ ಅಥವಾ ಉದ್ಯಾನಗಳಲ್ಲಿ ಆ ಹೆಸರನ್ನು ಸಂಪಾದಿಸಿಕೊಂಡ ಬೇರೊಂದು ಜಾತಿಯೇ ಎಂಬಂಥ ಪ್ರಶ್ನೆಗಳು, ಅವಕ್ಕೆ ಬಂದ ಉತ್ತರಗಳು, ಉತ್ತರಗಳಿಗೆ ಬಂದ ಪ್ರತ್ಯುತ್ತರಗಳು, ಕೆಲವು ವರ್ಷಗಳಾದ ಮೇಲೆ ಮೊದಲು ಕೇಳಿದವನೇ ಹಿಂದಿರುಗಿ ಬಂದು ಗಿಡ ಬದುಕಿತೆಂದೋ ಸತ್ತಿತೆಂದೋ ಬರೆದ ಒಂದು ಸಾಲು, ಇವೆಲ್ಲ ಅಲ್ಲಲ್ಲಿ ರಾಶಿಯಾಗಿ ಬಿದ್ದಿದ್ದವು. 2019ರ ಅಕ್ಟೋಬರಿನಲ್ಲಿ ಯಾಹೂ ಸಂಸ್ಥೆ ತನ್ನ ಆಶ್ರಯದಲ್ಲಿದ್ದ ಬಳಗಗಳ ಹಳೆಯ ಸಂವಾದವನ್ನೆಲ್ಲ ಅಳಿಸಿಹಾಕುವುದಾಗಿ ಪ್ರಕಟಿಸಿದಾಗ, ಸುಮಾರು ಎರಡು ದಶಕಗಳ ಮಾತು ಕೆಲವೇ ತಿಂಗಳುಗಳಲ್ಲಿ ಇಲ್ಲವಾಗಬಹುದೆಂಬುದು ಜನರಿಗೆ ಮನದಟ್ಟಾಯಿತು. ಕೆಲವರು ಹಗಲಿರುಳೆನ್ನದೆ ಕೈಗೆ ಸಿಕ್ಕಷ್ಟನ್ನು ಪ್ರತಿ ಮಾಡಿಕೊಂಡರು. ಸಿಕ್ಕದೆ ಹೋದದ್ದು ಹೋಯಿತು.

ಪ್ರತಿ ಮಾಡಿಕೊಂಡ ಆ ಜನ ಮಾಡಿದ್ದು ಧರ್ಮಕಾರ್ಯವೋ, ಬಿಟ್ಟುಕೊಡಲಾರದ ಮನಸ್ಸಿನ ಚಪಲವೋ ಎಂಬುದು ಇಲ್ಲಿ ನನ್ನ ಪ್ರಶ್ನೆ. ಅದನ್ನು ಚಪಲವೆಂದು ಹೇಳುವವರು ಎರಡು ಕಡೆಯಿಂದ ಬರುತ್ತಾರೆ. ಶಾಸ್ತ್ರದಲ್ಲಿ ಶ್ರದ್ಧೆಯುಳ್ಳವರು, ಸಿದ್ಧಾಂತವಾದದ್ದನ್ನು ಗ್ರಂಥದಲ್ಲಿ ಇಟ್ಟುಕೊಂಡರೆ ಸಾಕು, ಅದಕ್ಕೆ ಮುನ್ನ ನಡೆದ ಗೊಂದಲದ ಮಾತುಗಳನ್ನು ಕೂಡಿಡುವುದು ಭತ್ತದೊಡನೆ ಹೊಟ್ಟನ್ನೂ ಕಣಜಕ್ಕೆ ತುಂಬಿದಂತೆ ಎನ್ನುತ್ತಾರೆ. ವೈರಾಗ್ಯದಲ್ಲಿ ಶ್ರದ್ಧೆಯುಳ್ಳವರು, ಕೂಡಿದ್ದೆಲ್ಲ ಅಗಲತಕ್ಕದ್ದು, ಹುಟ್ಟಿದ ಮಾತು ಸಾಯತಕ್ಕದ್ದು, ಎಲೆಯುದುರಿಸುವ ಮರವನ್ನು ದಿನವೂ ನೋಡುವ ಜನಕ್ಕಾದರೂ ಈ ವಿವೇಕ ಇರಬೇಕಾಗಿತ್ತು, ಅಪರಿಗ್ರಹವು ವಸ್ತುಗಳಿಗೆ ಅನ್ವಯಿಸುವಂತೆ ಮಾತಿಗೂ ಅನ್ವಯಿಸುತ್ತದೆ ಎನ್ನುತ್ತಾರೆ. ಎರಡನೆಯ ಆಕ್ಷೇಪಣೆಯನ್ನು ನಾನು ಹಗುರವೆಂದು ಎಣಿಸುವುದಿಲ್ಲ. ಅದಕ್ಕೆ ಸಮಾಧಾನವನ್ನು ನಿಧಾನವಾಗಿ ಹುಡುಕಬೇಕಾಗಿದೆ. ಮೊದಲನೆಯದಕ್ಕೆ ಉತ್ತರವನ್ನು ಶಾಸ್ತ್ರವೇ ಕೊಟ್ಟಿರುವುದರಿಂದ ಅದನ್ನು ಮೊದಲು ನೋಡೋಣ.

ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತಾರನೆಯ ಅಧ್ಯಾಯದಲ್ಲಿ, ಚೈತ್ರರಥವೆಂಬ ರಮಣೀಯವಾದ ವನದಲ್ಲಿ ಸೇರಿದ ಋಷಿಗಳ ಒಂದು ಗೋಷ್ಠಿಯ ವೃತ್ತಾಂತವಿದೆ. ಆಹಾರೌಷಧಗಳ ರಸಗಳು ಎಷ್ಟು ಎಂಬುದು ಅಲ್ಲಿಯ ಚರ್ಚೆ. ರಸವು ಒಂದೇ, ಅದು ನೀರಿನಿಂದ ಬೇರೆಯಲ್ಲವೆಂದು ಭದ್ರಕಾಪ್ಯನು ಹೇಳುತ್ತಾನೆ, ಎರಡೆಂದು ಶಾಕುಂತೇಯನು, ಮೂರೆಂದು ಮೌದ್ಗಲ್ಯನಾದ ಪೂರ್ಣಾಕ್ಷನು, ನಾಲ್ಕೆಂದು ಕೌಶಿಕನಾದ ಹಿರಣ್ಯಾಕ್ಷನು, ಪಂಚಭೂತಗಳಿಗೆ ಸರಿಯಾಗಿ ಐದೆಂದು ಭರದ್ವಾಜ ಕುಮಾರಶಿರನು, ಆರೆಂದು ರಾಜರ್ಷಿ ವಾರ್ಯೋವಿದನು, ಕ್ಷಾರವನ್ನು ಸೇರಿಸಿಕೊಂಡು ಏಳೆಂದು ವಿದೇಹರಾಜನಾದ ನಿಮಿಯು, ಅವ್ಯಕ್ತವನ್ನೂ ಸೇರಿಸಿ ಎಂಟೆಂದು ಧಾಮಾರ್ಗವನಾದ ಬಡಿಶನು, ಅಸಂಖ್ಯಾತವೆಂದು ಬಾಹ್ಲೀಕದ ವೈದ್ಯ ಕಾಂಕಾಯನನು. ಎಲ್ಲರ ಮಾತು ಮುಗಿದ ಬಳಿಕ ಪುನರ್ವಸು ಆತ್ರೇಯನು, ರಸಗಳು ಆರೇ, ಮಧುರ ಆಮ್ಲ ಲವಣ ಕಟು ತಿಕ್ತ ಕಷಾಯಗಳೆಂದು ನಿರ್ಣಯಿಸಿ, ಉಳಿದ ಮತಗಳಲ್ಲಿ ದೋಷವೆಲ್ಲಿದೆಯೆಂಬುದನ್ನು ವಿವರಿಸುತ್ತಾನೆ: ಕ್ಷಾರವು ದ್ರವ್ಯವೇ ಹೊರತು ರಸವಲ್ಲ ಎಂಬಂತೆ. ವಾರ್ಯೋವಿದನು ಹೇಳಿದ ಸಂಖ್ಯೆಯೂ ಆರೇ. ಆದರೆ ಅವನೆಣಿಸಿದ ಆರು ಗುರು ಲಘು ಶೀತ ಉಷ್ಣ ಸ್ನಿಗ್ಧ ರೂಕ್ಷಗಳು, ಆತ್ರೇಯನ ದೃಷ್ಟಿಯಲ್ಲಿ ಅವು ರಸಗಳಲ್ಲ, ಗುಣಗಳು. ಲೆಕ್ಕ ಸರಿಯಾಗಿದ್ದೂ ಅರ್ಥ ತಪ್ಪಾಗಬಹುದೆಂಬ ಈ ಸೂಕ್ಷ್ಮವನ್ನು, ಸಿದ್ಧಾಂತವನ್ನು ಮಾತ್ರ ಬರೆದಿಟ್ಟ ಗ್ರಂಥದಿಂದ ನಾವು ಕಲಿಯುವುದು ಹೇಗೆ? ಗ್ರಂಥಕಾರನು ಬಯಸಿದ್ದರೆ ಆರು ರಸಗಳ ಹೆಸರನ್ನು ಒಂದು ಪಂಕ್ತಿಯಲ್ಲಿ ಹೇಳಿ ಮುಂದಕ್ಕೆ ಹೋಗಬಹುದಾಗಿತ್ತು. ಹಾಗೆ ಮಾಡದೆ, ಸೋತ ಮತಗಳನ್ನು ಕೂಡ ಒಂದೊಂದನ್ನೂ ಅದನ್ನು ಹೇಳಿದವನ ಹೆಸರಿನೊಡನೆ, ಅವನ ಊರಿನೊಡನೆ ಅಥವಾ ಗೋತ್ರದೊಡನೆ ಕಾಪಾಡಿದನು. ಯಾವ ಋಷಿಯೂ ತಪ್ಪು ಹೇಳಿದನೆಂಬ ಕಾರಣದಿಂದ ಸಭೆಯಿಂದ ಹೊರಗಾಗಲಿಲ್ಲ.

ಅದೇ ಸಂಹಿತೆಯ ವಿಮಾನಸ್ಥಾನದಲ್ಲಿ ಒಂದೇ ವಿದ್ಯೆಯನ್ನು ಬಲ್ಲವರ ಸಂಭಾಷೆಗೆ ವಿಸ್ತಾರವಾದ ವಿಧಿಯೇ ಇದೆ. ಸ್ನೇಹದಿಂದ ನಡೆಯುವ ಸಂಧಾಯಸಂಭಾಷೆ ಒಂದು, ಜಯಾಪೇಕ್ಷೆಯಿಂದ ನಡೆಯುವ ವಿಗೃಹ್ಯಸಂಭಾಷೆ ಇನ್ನೊಂದು. ಶಿಷ್ಯನು ಬಹುಕಾಲ ಶುಶ್ರೂಷೆ ಮಾಡಿದ ಮೇಲೆ ಪ್ರಸನ್ನನಾದ ಗುರುವು ಕ್ರಮಕ್ರಮವಾಗಿ ಹೇಳಿಕೊಡುವ ರಹಸ್ಯವನ್ನು, ವಾದದ ಉತ್ಸಾಹದಲ್ಲಿ ವಿದ್ವಾಂಸನು ಒಮ್ಮೆಗೇ ಹೊರಗೆಡಹಿಬಿಡುತ್ತಾನೆ ಎಂದು ಅಲ್ಲಿ ಹೇಳಿದೆ. ಸಸ್ಯಪ್ರಿಯರ ಮಾತುಕತೆಯನ್ನು ಓದಿದವರಿಗೆ ಇದರ ಸತ್ಯ ಅನುಭವಸಿದ್ಧವಾದದ್ದು. ಪುಸ್ತಕದಲ್ಲಿ ಬರೆಯಲು ಕುಳಿತಾಗ ತನ್ನ ಅರಿವು ಅಲ್ಪವೆಂದು ಸುಮ್ಮನಾಗುವ ತೋಟಿಗನು, ಇನ್ನೊಬ್ಬನು ತಪ್ಪು ಹೇಳಿದನೆಂದು ಕಂಡೊಡನೆ ನಲವತ್ತು ವರ್ಷದ ಅನುಭವವನ್ನು ನಾಲ್ಕು ವಾಕ್ಯದಲ್ಲಿ ಹೇಳಿಬಿಡುತ್ತಾನೆ. ಆ ನಾಲ್ಕು ವಾಕ್ಯ ಬೇರೆಲ್ಲಿಯೂ ಬರೆಯಲ್ಪಟ್ಟಿರುವುದಿಲ್ಲ. ನಮ್ಮ ಕನ್ನಡದಲ್ಲಿಯೇ ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದದ ಭಾಗವೊಂದಿದೆ. ಅದು ಉಳಿದದ್ದು ನಮ್ಮ ಪುಣ್ಯ. ಆದರೆ ಅದರ ಒಂದೊಂದು ವಿಧಿಯ ಹಿಂದೆಯೂ ಎಷ್ಟು ಮಂದಿ ಅನಾಮಧೇಯರ ಪ್ರಯೋಗ, ವಿಫಲತೆ, ವಿವಾದಗಳಿದ್ದಿರಬೇಕೆಂಬುದನ್ನು ನೆನೆದಾಗ, ಆ ಮಾತು ಕೂಡ ನಮಗೆ ದಕ್ಕಿದ್ದರೆ ಎಂಬ ಹಂಬಲ ಹುಟ್ಟದೆ ಇರುವುದಿಲ್ಲ. ಗ್ರಂಥರೂಪಕ್ಕೆ ಬಂದದ್ದು ಕೂಡ ಎಲ್ಲವೂ ಉಳಿಯಲಿಲ್ಲ. ಆತ್ರೇಯನ ಆರು ಮಂದಿ ಶಿಷ್ಯರು ಒಬ್ಬೊಬ್ಬರೂ ಒಂದೊಂದು ತಂತ್ರವನ್ನು ರಚಿಸಿದರೆಂದು ಪ್ರಸಿದ್ಧಿ. ಅಗ್ನಿವೇಶನದು ಚರಕ ದೃಢಬಲರ ಸಂಸ್ಕಾರದಿಂದ ಚರಕಸಂಹಿತೆಯಾಗಿ ಉಳಿಯಿತು. ಭೇಲನದು ತಂಜಾವೂರಿನ ಅಸಮಗ್ರವಾದ ಒಂದೇ ಹಸ್ತಪ್ರತಿಯಿಂದ ಉಳಿಯಿತು. ಜತೂಕರ್ಣ, ಪರಾಶರ, ಕ್ಷಾರಪಾಣಿಗಳ ತಂತ್ರಗಳು ಟೀಕಾಕಾರರು ಎತ್ತಿಕೊಂಡ ವಾಕ್ಯಗಳಲ್ಲಿ ಮಾತ್ರ ಇವೆ.

ಸಸ್ಯಗಳ ವಿಷಯದಲ್ಲಿ ಈ ಸಂರಕ್ಷಣೆಗೆ ಬೇರೆ ವಿದ್ಯೆಗಳಿಗಿಲ್ಲದ ಇನ್ನೊಂದು ಕಾರಣವಿದೆ. ಮರದ ಆಯುಷ್ಯವೂ ಮನುಷ್ಯನ ಆಯುಷ್ಯವೂ ಸಮವಾದವುಗಳಲ್ಲ. ಗ್ರಂಥಗಳನ್ನು ಬರೆಯಲು ಗರಿಯನ್ನು ಕೊಟ್ಟ ಶ್ರೀತಾಳವು ಮೂವತ್ತರಿಂದ ಎಂಬತ್ತು ವರ್ಷಗಳವರೆಗೆ ಬೆಳೆದು, ಜೀವಮಾನದಲ್ಲಿ ಒಂದೇ ಬಾರಿ ಹೂಬಿಟ್ಟು ಕಾಯಿಕಟ್ಟಿ ಸಾಯುತ್ತದೆ. ನೆಟ್ಟವನು ಹೂವನ್ನು ಕಾಣುವುದು ಅಪೂರ್ವ. ಬಿದಿರು ಹೂಬಿಟ್ಟು ಬಿದಿರಕ್ಕಿ ಕೊಟ್ಟು ಮೆಳೆಮೆಳೆಯೇ ಒಣಗುವುದನ್ನು ನಮ್ಮ ಮಲೆನಾಡಿನ ಮುದುಕರು ಬಾಲ್ಯದಲ್ಲಿ ಒಮ್ಮೆ, ವಾರ್ಧಕ್ಯದಲ್ಲಿ ಒಮ್ಮೆ ಕಾಣುತ್ತಾರೆ. ಮಿಜೋರಮಿನಲ್ಲಿ ಮೌತಕ್ ಎಂಬ ಬಿದಿರು ಸುಮಾರು ನಲವತ್ತೆಂಟು ವರ್ಷಗಳಿಗೊಮ್ಮೆ ಬೆಟ್ಟಬೆಟ್ಟಗಳಲ್ಲಿ ಏಕಕಾಲಕ್ಕೆ ಹೂಬಿಡುತ್ತದೆ, ಹಣ್ಣುಗಳನ್ನು ತಿಂದು ಇಲಿಗಳು ಮಿತಿಮೀರಿ ಹೆಚ್ಚಿ, ಕಾಡಿನ ಆಹಾರ ಮುಗಿದೊಡನೆ ಗದ್ದೆಗಣಜಗಳಿಗೆ ನುಗ್ಗುತ್ತವೆ, ಕ್ಷಾಮವುಂಟಾಗುತ್ತದೆ. 1911-12ರಲ್ಲಿ ಹಾಗಾಯಿತು. ಅದನ್ನು ಕಂಡಿದ್ದ ಹಿರಿಯರ ನೆನಪಿನ ಆಧಾರದ ಮೇಲೆ, 1958ರಲ್ಲಿ, ಇನ್ನೊಂದು ಕ್ಷಾಮ ಸನ್ನಿಹಿತವಾಗಿದೆಯೆಂದು ಮಿಜೋ ಜಿಲ್ಲಾ ಪರಿಷತ್ತು ಅಂದಿನ ಅಸ್ಸಾಮಿನ ಸರ್ಕಾರವನ್ನು ಮುಂಚಿತವಾಗಿಯೇ ಎಚ್ಚರಿಸಿ ನೆರವನ್ನು ಕೇಳಿತು. ಅದು ಹಳ್ಳಿಗರ ನಂಬಿಕೆಯೆಂದು ತಳ್ಳಿಹಾಕಲ್ಪಟ್ಟಿತು. ಬಿದಿರು ತನ್ನ ಕಾಲಕ್ಕೆ ಹೂಬಿಟ್ಟಿತು, ಕ್ಷಾಮ ಬಂದಿತು, ಜನ ಹಸಿದರು. ಆ ನೋವಿನಿಂದ ಹುಟ್ಟಿದ ಕ್ಷಾಮನಿವಾರಣ ಸಂಘಟನೆಯೇ 1961ರಲ್ಲಿ ಮಿಜೋ ರಾಷ್ಟ್ರೀಯ ರಂಗವೆಂಬ ರಾಜಕೀಯ ಪಕ್ಷವಾಗಿ, ಮುಂದೆ ಎರಡು ದಶಕಗಳ ಸಶಸ್ತ್ರ ಸಂಘರ್ಷಕ್ಕೆ ಕಾರಣವಾಯಿತು. ಗಿಡವೊಂದನ್ನು ಕುರಿತು ಮುದುಕರಾಡಿದ ಮಾತನ್ನು ಮಾತೆಂದು ಗಣಿಸದೆ ಹೋದದ್ದರ ಪರಿಣಾಮ ಎಲ್ಲಿಯವರೆಗೆ ಹೋಯಿತು ನೋಡಿ. 2006-07ರಲ್ಲಿ ಆ ಬಿದಿರು ಮತ್ತೆ ಹೂಬಿಟ್ಟಾಗ, ಹಿಂದಿನದರ ನೆನಪೂ ದಾಖಲೆಯೂ ಇದ್ದುದರಿಂದ, ಸರ್ಕಾರವು ಮುಂಚಿತವಾಗಿಯೇ ಸಿದ್ಧತೆಯನ್ನು ಮಾಡಿಕೊಳ್ಳುವುದು ಸಾಧ್ಯವಾಯಿತು. ಒಂದು ಮರದ ಒಂದು ಋತುವನ್ನು ಅರಿಯಲು ಮನುಷ್ಯನಿಗೆ ಎರಡು ಮೂರು ತಲೆಮಾರುಗಳು ಬೇಕಾದಲ್ಲಿ, ತಲೆಮಾರುಗಳ ನಡುವಣ ಮಾತನ್ನು ಕಡಿದುಹಾಕುವುದೆಂದರೆ ಆ ಅರಿವನ್ನೇ ಕಡಿದುಹಾಕುವುದು.

ಸಸ್ಯಪ್ರಿಯರ ಸಂವಾದವು ಗ್ರಂಥವಾಗಿ ಉಳಿದ ಮಹೋನ್ನತವಾದ ನಿದರ್ಶನವೊಂದು ನಮ್ಮ ನೆರೆಯಲ್ಲಿಯೇ ಇದೆ. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬಾತನು, ಮಲಬಾರಿನ ಸಸ್ಯಗಳನ್ನು ಕುರಿತು ಹೋರ್ಟಸ್ ಮಲಬಾರಿಕಸ್ ಎಂಬ ಗ್ರಂಥವನ್ನು ಸಂಕಲಿಸಿದನು. ಅದರ ಹನ್ನೆರಡು ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಈಳವ ಕುಲದ ವೈದ್ಯನಾದ ಇಟ್ಟಿ ಅಚ್ಯುತನು ತನ್ನ ಮನೆತನದ ಓಲೆಗರಿಯಿಂದ ಹೇಳಿದನು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರು ತಮ್ಮ ನಿಘಂಟುಗಳಿಂದ ಹೇಳಿದರು. ನಮ್ಮ ಕರಾವಳಿಯಲ್ಲಿ ನೆಲೆಸಿರುವ ಕೊಂಕಣಿಗರ ಬಂಧುವರ್ಗದವರೇ ಆ ಮೂವರು. ಅವರು ನಾಗರೀ ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವು ಮೊದಲನೆಯ ಸಂಪುಟದಲ್ಲಿ ಹಾಗೆಯೇ ಮುದ್ರಿತವಾಗಿದೆ, 1675ರ ಏಪ್ರಿಲಿನಲ್ಲಿ ಅಚ್ಯುತನು ಬರೆದುಕೊಟ್ಟದ್ದೂ ಮುದ್ರಿತವಾಗಿದೆ. ಒಂದು ಗಿಡವನ್ನು ಮುಂದಿಟ್ಟುಕೊಂಡು ಈ ವೈದ್ಯರು ಪರಸ್ಪರ ವಾದಿಸುತ್ತಿದ್ದ ರೀತಿಯನ್ನು, ಭಿನ್ನಾಭಿಪ್ರಾಯದಲ್ಲಿಯೂ ಅವರು ಕಾಪಾಡಿಕೊಂಡ ಸೌಜನ್ಯವನ್ನು ಕಂಡು ವಾನ್ ರೀಡ್ ಬೆರಗಾಗಿ ತನ್ನ ಮುನ್ನುಡಿಯೊಂದರಲ್ಲಿ ಬರೆದಿದ್ದಾನೆ. ಈ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ಲಿನೇಯಸನು ಎಷ್ಟೋ ಸಸ್ಯಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದನು. ಆದರೂ ಲ್ಯಾಟಿನ್ನಿನ ಬೀಗಮುದ್ರೆಯಲ್ಲಿದ್ದ ಅದು, ಅಚ್ಯುತನ ನೆಲದ ಜನಕ್ಕೆ ಶತಮಾನಗಳ ಕಾಲ ಅಪರಿಚಿತವಾಗಿಯೇ ಇದ್ದಿತು. ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞರಾದ ಕೆ.ಎಸ್. ಮಣಿಲಾಲರು ಮೂರು ದಶಕಗಳಿಗೂ ಮೀರಿದ ತಪಸ್ಸಿನಿಂದ, ಅದರಲ್ಲಿ ಉಕ್ತವಾದ ಗಿಡಗಳನ್ನು ಮತ್ತೆ ನೆಲದ ಮೇಲೆ ಹುಡುಕಿ ಗುರುತಿಸಿ, 2003ರಲ್ಲಿ ಇಂಗ್ಲಿಷಿಗೂ 2008ರಲ್ಲಿ ಮಲಯಾಳಕ್ಕೂ ತಂದರು. ಮೊದಲ ಸಂಪುಟ ಅಚ್ಚಾದ 325 ವರ್ಷಗಳ ಬಳಿಕ ಆ ನಾಲ್ವರು ವೈದ್ಯರ ಮಾತು ಹೀಗೆ ಮತ್ತೆ ಕೇಳಬಂದಿತು.

ಈಗ ವೈರಾಗ್ಯಪರರ ಆಕ್ಷೇಪಣೆಗೆ ಬರುತ್ತೇನೆ. ಅಪರಿಗ್ರಹವನ್ನು ಎಲ್ಲಕ್ಕಿಂತ ಕಠಿನವಾಗಿ ವಿಧಿಸಿದ ಧರ್ಮ ಜೈನಧರ್ಮ. ಉಟ್ಟ ಬಟ್ಟೆಯನ್ನೂ ಪರಿಗ್ರಹವೆಂದು ತ್ಯಜಿಸಿದ ಮುನಿಗಳ ಧರ್ಮ ಅದು. ಅದೇ ಧರ್ಮವು ಆಹಾರ, ಔಷಧ, ಅಭಯಗಳ ಜೊತೆಯಲ್ಲಿ ಶಾಸ್ತ್ರದಾನವನ್ನೂ ಎಣಿಸಿ ನಾಲ್ಕು ದಾನಗಳಲ್ಲಿ ಒಂದೆಂದಿತು. ಜ್ಞಾನವನ್ನು ಮರೆಮಾಡುವುದು, ಕೊಡತಕ್ಕವನು ಮಾತ್ಸರ್ಯದಿಂದ ಕೊಡದಿರುವುದು, ಅದಕ್ಕೆ ಅಂತರಾಯವನ್ನುಂಟುಮಾಡುವುದು, ಇವೆಲ್ಲ ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳೆಂದು ತತ್ತ್ವಾರ್ಥಸೂತ್ರವು ಪರಿಗಣಿಸಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಖ್ಯಾತಳಾದ ದಾನಚಿಂತಾಮಣಿ ಅತ್ತಿಮಬ್ಬೆ, ಒಂದೇ ಪ್ರತಿಯನ್ನು ಮಾಡಿಸಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ ಅದು ಪರಿಗ್ರಹವಾಗುತ್ತಿತ್ತು. ಸಾವಿರ ಮಾಡಿ ಸಾವಿರ ಕೈಗಳಿಗೆ ಕೊಟ್ಟದ್ದರಿಂದ ಅದು ತ್ಯಾಗವಾಯಿತು. ಮೂಡಬಿದಿರೆಯ ಬಸದಿಯಲ್ಲಿ ಧವಲ ಜಯಧವಲಗಳೆಂಬ ಜೈನಸಿದ್ಧಾಂತ ಟೀಕೆಗಳ ಓಲೆಗರಿಗಳು, ಬೇರೆಲ್ಲಿಯೂ ಪ್ರತಿಯಿಲ್ಲದ ಕಾಲದಲ್ಲಿ ಶತಮಾನಗಳವರೆಗೆ ಭದ್ರವಾಗಿ ಉಳಿದುವೆಂಬುದು ನಮ್ಮ ನಾಡು ಹೆಮ್ಮೆಪಡಬೇಕಾದ ಸಂಗತಿ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ಲಭ್ಯವಾಗಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನರು ಧವಲದ ಮೊದಲ ಸಂಪುಟವನ್ನು ಅಚ್ಚು ಮಾಡಿಸಿದ ಮೇಲೆಯೇ ಅದರ ಕರ್ತೃವಾದ ವೀರಸೇನನ ಮಾತು ವಿದ್ವಲ್ಲೋಕಕ್ಕೆ ತಲುಪಿದ್ದು. ಪೂಜೆಯೂ ಒಂದು ಸಂರಕ್ಷಣೆಯೇ. ಓದು ಅದಕ್ಕಿಂತ ಮೇಲಾದದ್ದೆಂದು ನನ್ನ ಅಭಿಮತ.

ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿ ಹುಟ್ಟುತ್ತಾನೆಂಬ ಭಾವನೆ ನಮ್ಮಲ್ಲಿ ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಋಷಿಋಣವು ತೀರುವುದು ಅಧ್ಯಯನದಿಂದ. ಗಿಡಗಳ ವಿದ್ಯೆಯಲ್ಲಿ ಋಷಿಗಳು ಯಾರು? ಓಷಧಿಗಳ ಹೆಸರನ್ನೂ ರೂಪವನ್ನೂ ಬಲ್ಲವರು ಆಡು ಕಾಯುವವರು, ಕುರುಬರು, ಗೋಪಾಲಕರು, ವನವಾಸಿಗಳು ಎಂದು ಚರಕಸಂಹಿತೆಯು ಮೊದಲ ಅಧ್ಯಾಯದಲ್ಲಿಯೇ ಒಪ್ಪಿಕೊಂಡಿದೆ. ಆ ಓಷಧಿಗಳನ್ನು ಹೇಗೆ ಬಳಸಬೇಕೆಂಬುದನ್ನು ಅರಿತವನು ವೈದ್ಯನೆಂಬುದು ಅನಂತರದ ಮಾತು. ಅಂದ ಮೇಲೆ, ಮಾಳಿಗೆಯ ಮೇಲಿನ ಕುಂಡದಲ್ಲಿ ಸೀತಾಳೆಯನ್ನು ಬೆಳೆಸಿ, ಅದರ ಬೇರು ಕೊಳೆತ ಕಾರಣವನ್ನು ಕಂಡುಹಿಡಿದು, ಪ್ರತಿಫಲವನ್ನು ಬಯಸದೆ ಅಪರಿಚಿತರಿಗೆ ತಿಳಿಸಿದ ಗೃಹಿಣಿಯೂ ನಿವೃತ್ತ ಉಪಾಧ್ಯಾಯನೂ ಈ ಪರಂಪರೆಗೆ ಸೇರಿದವರಲ್ಲವೆಂದು ನಾವು ಯಾವ ನ್ಯಾಯದಿಂದ ಹೇಳಬಹುದು? ಅವರ ಋಣವನ್ನು ತೀರಿಸುವ ಮಾರ್ಗವೂ ಅದೇ ಆಗಿದೆ: ಅವರ ಮಾತನ್ನು ಓದತಕ್ಕ ಸ್ಥಿತಿಯಲ್ಲಿ ಇಡುವುದು, ಓದುವುದು, ಮುಂದಿನವರಿಗೆ ದಾಟಿಸುವುದು. ಓಲೆಗರಿಗೆ ಎಣ್ಣೆ ಸವರಿ ಕಾಪಾಡಿದರೂ ಕೆಲವು ಶತಮಾನಗಳಿಗೊಮ್ಮೆ ಪ್ರತಿ ಮಾಡಲೇಬೇಕಾಗಿತ್ತು; ಗಣಕಯಂತ್ರದ ತಟ್ಟೆಗಳಿಗೆ ಅಷ್ಟು ಆಯುಷ್ಯವೂ ಇಲ್ಲ, ಕೆಲವೇ ವರ್ಷಗಳಲ್ಲಿ ಅವು ಕೆಡುತ್ತವೆ. ಲಿಪಿಕಾರನ ಶ್ರಮವು ತಪ್ಪಿಹೋಯಿತೆಂದು ನಾವು ತಿಳಿದಿದ್ದೇವೆ. ಅದು ಇನ್ನೂ ಹೆಚ್ಚಾಗಿದೆ.

ಎಲ್ಲವನ್ನೂ ವಿವೇಚನೆಯಿಲ್ಲದೆ ಇಡಬೇಕೆಂದು ನಾನು ವಾದಿಸುವುದಿಲ್ಲ. ಸ್ನೇಹದ ಭರದಲ್ಲಿ ತನ್ನ ಮನೆಯ ವಿಳಾಸವನ್ನೋ ಕಾಯಿಲೆಯನ್ನೋ ಹೇಳಿಕೊಂಡವನ ಗುಟ್ಟು ಲೋಕದ ಸೊತ್ತಲ್ಲ, ತನ್ನ ಮಾತನ್ನು ಹಿಂದೆಗೆದುಕೊಳ್ಳಲು ಬಯಸಿದವನಿಗೆ ಆ ಅಧಿಕಾರವಿರಬೇಕು. ಉಳಿಸುವವರು ಸಾಧ್ಯವಾದಷ್ಟು ಕೇಳಿಯೇ ಉಳಿಸತಕ್ಕದ್ದು. ಆದರೆ ಮಾತು ತಪ್ಪೆಂಬ ಕಾರಣವೊಂದೇ ಅದನ್ನು ಅಳಿಸುವುದಕ್ಕೆ ಸಾಲದು. ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಒಂದು ಕಾಲದಲ್ಲಿ ತಿಳಿದವರೇ ಶಿಫಾರಸು ಮಾಡುತ್ತಿದ್ದರು. ಕಾಸರಗೋಡಿನ, ದಕ್ಷಿಣ ಕನ್ನಡದ ಗೇರುತೋಪುಗಳ ನೆರೆಯಲ್ಲಿ ಹುಟ್ಟಿದ ಮಕ್ಕಳ ಸಂಕಟವನ್ನು ಲೋಕವು ಕಂಡ ಮೇಲೆ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಷೇಧಿಸಿತು. ಅದನ್ನು ಸಿಂಪಡಿಸಿರೆಂದು ಬರೆದ ಹಳೆಯ ಸಲಹೆಯನ್ನು ಇಂದು ಅಳಿಸಿದರೆ, ನಾವು ಹೇಗೆ ಮೋಸಹೋದೆವೆಂಬುದನ್ನು ನಮ್ಮ ಮೊಮ್ಮಕ್ಕಳು ತಿಳಿಯುವುದೆಂತು? ತಾರೀಖಿನೊಡನೆ, ತಿದ್ದುಪಡಿಯೊಡನೆ, ಅಂದು ಅದನ್ನು ವಿರೋಧಿಸಿದ ಒಬ್ಬಿಬ್ಬರ ಕ್ಷೀಣಸ್ವರವಿದ್ದರೆ ಅದರೊಡನೆ, ಅದು ಉಳಿಯಬೇಕು. ಬಡಿಶನ ಎಂಟನ್ನೂ ನಿಮಿಯ ಏಳನ್ನೂ ಚರಕನು ಉಳಿಸಿಕೊಂಡದ್ದು ಇದೇ ರೀತಿಯಲ್ಲಿ, ಆತ್ರೇಯನ ಉತ್ತರದ ಸಮೀಪದಲ್ಲಿ.

ಆದ್ದರಿಂದ ಗಿಡಗಳನ್ನು ಪ್ರೀತಿಸಿ ಅವುಗಳನ್ನು ಕುರಿತು ಬಹುಕಾಲ ಪತ್ರವ್ಯವಹಾರ ಮಾಡಿದ ಕನ್ನಡಿಗರಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಬಳಿಯಲ್ಲಿ ಅಂಥ ಮಾತುಕತೆಯ ಸಂಗ್ರಹವಿದ್ದರೆ, ಅದು ಕಾಗದದ್ದಾಗಲಿ ಯಂತ್ರದ್ದಾಗಲಿ, ಇನ್ನೊಂದು ಪ್ರತಿಯನ್ನು ಈ ವರ್ಷವೇ ಮಾಡಿಸಿ, ಅದನ್ನು ನಿಮಗಿಂತ ಕಿರಿಯರಾದವರೊಬ್ಬರಿಗೆ ಕೊಡಿ. ಗಿಡದ ಹೆಸರು, ಊರು, ತಾರೀಖುಗಳು ಸ್ಪಷ್ಟವಾಗಿರುವಂತೆ ನೋಡಿಕೊಳ್ಳಿ. ಊರಿನ ಗ್ರಂಥಾಲಯವೋ ತೋಟಗಾರಿಕೆಯ ಸಂಘವೋ ಕೃಷಿ ವಿಶ್ವವಿದ್ಯಾನಿಲಯವೋ ಸ್ವೀಕರಿಸುವುದಾದರೆ ಅಲ್ಲಿಯೂ ಒಂದನ್ನು ಇಡಿ. ಕೊಟ್ಟ ಮೇಲೆ ಅವರು ಅದನ್ನು ಓದುತ್ತಿದ್ದಾರೆಯೇ ಎಂದು ಆಗಾಗ ವಿಚಾರಿಸುವುದನ್ನು ಮರೆಯಬೇಡಿ.